ತೋಪಿನ ದೋಟಿ ಎಷ್ಟು ಉದ್ದವಿತ್ತು

ಮ್ಯೂಸಿಯಂ ಕೆಲಸಕ್ಕೆ ಸೇರುವ ಮಕ್ಕಳು ಈಗ ಡಿಪ್ಲೊಮಾ ಮುಗಿಸಿ ಬರುತ್ತಾರೆ. ನಾನು ಸೇರಿದ್ದು ನನ್ನ ಹ್ಯಾಂಡ್‌ರೈಟಿಂಗ್ ದೆಸೆಯಿಂದ. ಕಾನ್ವೆಂಟಿನ ಸಿಸ್ಟರ್‌ಗಳು ನಾಲ್ಕು ಗೆರೆ ಪುಸ್ತಕದಲ್ಲಿ ಬರೆಸಿ ಬರೆಸಿ, ಬೆರಳಿನ ಮೇಲೆ ಸ್ಕೇಲಿನ ಏಟು ಕೊಟ್ಟು ತಿದ್ದಿದ ಆ ದುಂಡು ಇಂಗ್ಲಿಷ್ ಅಕ್ಷರ ನೋಡಿ ನಮ್ಮ ಡೈರೆಕ್ಟರ್, ಲೇಬಲ್ ಬರೆಯೋಕೆ ಈ ಹುಡುಗಿ ಸಾಕು ಎಂದರಂತೆ. ಹೆಬ್ಬಾಳದ ಹತ್ತಿರ ಒಂದು ಹಳೆಯ ಬಂಗಲೆ. ಅದರೊಳಗೆ ರೈತರ ಮನೆಗಳ ಹಳೇ ಸಾಮಾನು: ನೇಗಿಲು, ಕೂರಿಗೆ, ಒನಕೆ, ಬೀಸುಕಲ್ಲು, ಕಪಿಲೆ ಬಾವಿಯ ಚರ್ಮದ ಚೀಲ. ನಡೆಸುತ್ತಿದ್ದದ್ದು ಒಂದು ಸಣ್ಣ ಟ್ರಸ್ಟ್. ಹೆಸರು ಇಲ್ಲಿ ಬೇಡ. ಅಲ್ಲಿ ದುಡಿದವರಲ್ಲಿ ಕೆಲವರು ಇದ್ದಾರೆ, ಕೆಲವರು ಇಲ್ಲ, ಎಲ್ಲರ ಮರ್ಯಾದೆಯೂ ನನಗೆ ಬೇಕು.

ಈ ಕೆಲಸ ಅಂದರೆ ಗರಿಗರಿ ಕಾಟನ್ ಸೀರೆ ಉಟ್ಟು ಫಾರಿನ್ ವಿಸಿಟರ್‌ಗಳಿಗೆ ವಿವರಣೆ ಕೊಡುತ್ತ ಓಡಾಡುವುದು ಎಂದು ಜನ ತಿಳಿದಿದ್ದಾರೆ. ಅದು ಎಲ್ಲೋ ವರ್ಷಕ್ಕೊಮ್ಮೆ. ಉಳಿದ ದಿನ ಟಾರ್ಚ್ ಹಿಡಿದು ಮಂಡಿಯೂರಿ, ನೇಗಿಲಿನ ತೂತುಗಳ ಕೆಳಗೆ ಹೊಸದಾಗಿ ಹಿಟ್ಟು ಉದುರಿದೆಯೇ ಎಂದು ನೋಡುವುದು. ಉದುರಿದ್ದರೆ ಒಳಗೆ ಹುಳ ಜೀವಂತವಾಗಿದೆ ಎಂದರ್ಥ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು, ಬೇಸಿಗೆಯಲ್ಲಿ ಮರಕ್ಕೆ ಬಿರುಕು. ಲೇಬಲ್ ಅಂಟಿಸಲು ಮೈದಾ ಅಂಟು ಕಾಯಿಸಿ, ಜಿರಲೆ ತಿನ್ನದಿರಲಿ ಅಂತ ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದೆವು. ಆದರೂ ನನ್ನ ಅಕ್ಷರದ ಮೇಲೆ ಜಿರಲೆಗಳಿಗೆ ಸಿಸ್ಟರ್‌ಗಳಿಗಿಂತ ಹೆಚ್ಚಿನ ಅಕ್ಕರೆ. ಸೀರೆಯೆಲ್ಲ ನುಸಿಗುಳಿಗೆ ವಾಸನೆ. ಆರ್.ಟಿ. ನಗರದ ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರು.

ನಮ್ಮ ಡೈರೆಕ್ಟರನ್ನು ನಾವೆಲ್ಲ ಬರೀ ಸರ್ ಎನ್ನುತ್ತಿದ್ದೆವು. ಬಿಸಿಲಿರಲಿ, ಬಿಡಲಿ, ಟೈ ಕಟ್ಟುತ್ತಿದ್ದರು. ಗುಜರಿ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ, ಕರಗಿಸಲು ಗುಡ್ಡೆ ಹಾಕಿದ್ದ ಹಿತ್ತಾಳೆ ಕಬ್ಬಿಣದ ರಾಶಿಯೊಳಗೆ ಕೈ ಹಾಕಿ, ತಮ್ಮ ಜೇಬಿನ ದುಡ್ಡಿನಲ್ಲೇ ಸಾಮಾನು ಬಿಡಿಸಿ ತರುತ್ತಿದ್ದ ಮನುಷ್ಯ. ಒಮ್ಮೆ ಯಾರೋ ದೊಡ್ಡವರು ಬರುತ್ತಾರೆಂದು ನಮ್ಮ ಅಟೆಂಡರ್ ಒಂದು ಹಳೆಯ ಹಿತ್ತಾಳೆ ದೀಪವನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಫಳಫಳ ಹೊಳೆಸಿ ಇಟ್ಟಿದ್ದ. ಶಹಭಾಸ್‌ಗಿರಿ ಸಿಗುತ್ತದೆಂದು ಪಾಪ ಪಕ್ಕದಲ್ಲೇ ನಿಂತಿದ್ದ. ಸರ್ ಆ ದೀಪವನ್ನು ಬಹಳ ಹೊತ್ತು ನೋಡಿ, ಬೈಯಲಿಲ್ಲ. "ದಟ್ ವಾಸ್ ನಾಟ್ ಡರ್ಟ್. ಅದು ಕೊಳೆ ಅಲ್ಲಪ್ಪಾ, ಉಪಯೋಗಿಸಿದ ಗುರುತು" ಎಂದಷ್ಟೇ ಹೇಳಿ ರೂಮಿಗೆ ಹೋದರು. ಮಧ್ಯಾಹ್ನ ಊಟ ಮಾಡಲಿಲ್ಲ. ಅಂದಿನಿಂದ ಡಿಸ್ಟಿಲ್ಡ್ ವಾಟರು, ಹತ್ತಿ ಸುತ್ತಿದ ಕಡ್ಡಿ. ಈಗಿನವರು ಅದನ್ನೂ ಮಾಡುವುದಿಲ್ಲವಂತೆ, ಇದ್ದದ್ದನ್ನು ಇದ್ದ ಹಾಗೆ ಸ್ಕ್ಯಾನ್ ಮಾಡಿ ಪೆಟ್ಟಿಗೆಯಲ್ಲಿಡುತ್ತಾರೆ. ಒಳ್ಳೆಯದೇ.

ಇನ್ನೊಂದು ಸಲ, ಟಿಕೆಟ್ ಇಲ್ಲದ ದಿನ, ಶೆಟ್ಟಿಹಳ್ಳಿ ಕಡೆಯ ಹೆಂಗಸರ ಗುಂಪೊಂದು ಬಂತು. ಅವರಲ್ಲೊಬ್ಬರು ಬೀಸುಕಲ್ಲು ಕಂಡದ್ದೇ ಹಗ್ಗ ದಾಟಿ ಕೂತು, ಗೂಟ ಹಿಡಿದು ತಿರುಗಿಸಿಬಿಟ್ಟರು. ವಾಚ್‌ಮನ್ ಸೀಟಿ ಊದಿದ. ನಾನು ಓಡಿದೆ. ಸರ್ ನನ್ನನ್ನು ತಡೆದು, ಕಲ್ಲಿಗೂ ಎಷ್ಟು ದಿನವಾಗಿತ್ತೋ ಎಂದರು. ಅಂಥವರು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಹೇಳುವುದನ್ನು ಓದಿ ಅವರನ್ನು ಮೂರ್ಖರೆಂದೋ ಕಟುಕರೆಂದೋ ತಿಳಿಯಬೇಡಿ. ಈ ಕೆಲಸದಲ್ಲಿ ದೊಡ್ಡ ಹಾನಿಗಳು ಸಾಮಾನು ಕಂಡರೆ ಪ್ರೀತಿ ಇರುವವರ ಕೈಯಿಂದಲೇ ಆಗುತ್ತವೆ.

ತಾಯಮ್ಮ ನಮ್ಮಲ್ಲಿಗೆ ಬಂದದ್ದು ಅವರ ಗಂಡ ತೀರಿಕೊಂಡ ವರ್ಷ. ಕೊಡಿಗೇಹಳ್ಳಿಗೂ ಅಲ್ಲಾಳಸಂದ್ರಕ್ಕೂ ನಡುವೆ ಇದ್ದ ಒಂದು ಸಣ್ಣ ಹಳ್ಳಿಯವರು. ಹಳ್ಳಿ ಈಗ ಬಸ್‌ಸ್ಟಾಪಿನ ಹೆಸರಾಗಿಯೂ ಉಳಿದಿಲ್ಲ. ಗೇಟಿನಲ್ಲಿ ಏನೋ ಗಲಾಟೆ ಎಂದು ಹೋಗಿ ನೋಡಿದರೆ, ಎತ್ತರದ ಹೆಂಗಸೊಬ್ಬರು ಇನ್ನೂ ಎತ್ತರದ ಬಿದಿರು ಗಳ ಹಿಡಿದು ನಿಂತಿದ್ದಾರೆ, ಅದು ಗೇಟಿನ ಕಮಾನಿಗೆ ಸಿಕ್ಕಿಕೊಂಡಿದೆ. ಗಳದ ತುದಿಗೆ ಹಗ್ಗ ಸುತ್ತಿ ಕಟ್ಟಿದ ಒಂದು ಕುಡುಗೋಲು. ತೇದು ತೇದು ಅದರ ಬೆನ್ನು ಮಾತ್ರ ಉಳಿದಂತಿತ್ತು.

"ಮೇಡಮ್ಮಾ, ಇದನ್ನ ಮಡಗಾಕೆ ಜಾಗ ಐತಾ? ನಮ್ಮನೆ ಕೆಡವ್ತಾವ್ರೆ. ಒರಗ್ಸಾಕೆ ಗೋಡೆನೇ ಇಲ್ಲ" ಎಂದರು.

ದೋಟಿ ಅಂದರೆ ನಿಮಗೆ ಗೊತ್ತು, ಮರದ ಸೊಪ್ಪು, ಕಾಯಿ ಎಳೆಯುವ ಉದ್ದ ಕೋಲು. ಆದರೆ ಇದು ಊರಿನ ದೋಟಿ. ಆ ಹಳ್ಳಿಗೊಂದು ಗುಂಡುತೋಪು ಇತ್ತು. ಹಲಸು, ಹೊಂಗೆ, ಆಲ, ನೇರಳೆ. ಯಾರೊಬ್ಬರದೂ ಅಲ್ಲದ, ಎಲ್ಲರದೂ ಆದ ಮರಗಳು. ಕೊಡಲಿ ತರುವಂತಿರಲಿಲ್ಲ, ಮರ ಹತ್ತುವಂತಿರಲಿಲ್ಲ. ಯುಗಾದಿ ಕಳೆದು ನೆಲದ ಹುಲ್ಲೆಲ್ಲ ಒಣಗಿದಾಗ, ದನ, ಮೇಕೆ ಇದ್ದ ಮನೆಗಳಿಗೆ ಸೊಪ್ಪು ಬೇಕಲ್ಲ, ಆಗ ಈ ದೋಟಿ ತೋಪಿಗೆ ಹೋಗುತ್ತಿತ್ತು. ಎರಡೂ ಕಾಲು ನೆಲದ ಮೇಲಿಟ್ಟು, ಕೈ ಎತ್ತಿ, ಈ ದೋಟಿಗೆ ಎಟುಕಿದಷ್ಟು ಊರಿಗೆ. ಅದರ ಮೇಲಿನದು ಮರಕ್ಕೆ. ಬೇರೆ ಯಾರ ಮನೆಯ ಕೋಲೂ ನಡೆಯುತ್ತಿರಲಿಲ್ಲ. ಇದನ್ನು ಇಟ್ಟುಕೊಂಡು, ಹೊತ್ತು ತಂದು, ಎಲ್ಲರಿಗೂ ಸೊಪ್ಪು ಇಳಿಸಿಕೊಡುವ ಕೆಲಸ ತಾಯಮ್ಮನ ಗಂಡನ ವಂಶದ್ದು. ದೋಟಿ ಮನೆಯೆಂದೇ ಅವರ ಮನೆಗೆ ಹೆಸರು. ಎಷ್ಟು ಎಟುಕುತ್ತದೆ ಎಂಬುದು ಕೋಲಿನ ಉದ್ದದ ಮೇಲಷ್ಟೇ ಅಲ್ಲ, ಹಿಡಿದವರ ಎತ್ತರದ ಮೇಲೂ ಇತ್ತಲ್ಲ! ಹಾಗಾಗಿ ಆ ಮನೆಗೆ ಹೆಣ್ಣು ನೋಡುವಾಗ ಊರಿನವರೂ ಜೊತೆಗೆ ಹೋಗಿ ಎತ್ತರ ನೋಡಿ ಬರುತ್ತಿದ್ದರಂತೆ. ಬಣ್ಣ ಯಾರೂ ಕೇಳ್ನಿಲ್ಲ, ಬಾಗಲ ತೊಲೆ ತಲೆಗೆ ತಾಕ್ತದಾ ಅಂತ ನೋಡಿದ್ರು ಎಂದು ತಾಯಮ್ಮ ನಗುತ್ತ ಹೇಳುತ್ತಿದ್ದರು.

ಬಿದಿರು ಹಳೆಯದಾದಾಗ ಹೊಸ ಗಳವನ್ನು ಹಳೆಯದರ ಮಗ್ಗುಲಲ್ಲಿ ನೆಲದ ಮೇಲೆ ಮಲಗಿಸಿ, ಹಿರಿಯರ ಮುಂದೆ ಸಮ ಮಾಡಿ ಕಡಿಯುತ್ತಿದ್ದರು. ಆಮೇಲಷ್ಟೇ ಹಳೆಯದು ಒಲೆಗೆ ಹೋಗುತ್ತಿತ್ತು. ಹೀಗೆ ಎಷ್ಟು ಬಿದಿರು ಬದಲಾಗಿದ್ದವೋ ಯಾರಿಗೂ ಗೊತ್ತಿಲ್ಲ. ಉದ್ದ ಬದಲಾಗಿರಲಿಲ್ಲ. ಅದನ್ನು ಮೊಳದಲ್ಲೂ ಅಡಿಯಲ್ಲೂ ಯಾರೂ ಹೇಳುತ್ತಿರಲಿಲ್ಲ. ದೋಟಿ ಇರುವಾಗ ಹೇಳುವ ಅಗತ್ಯವಾದರೂ ಏನು?

ಸರ್‌ಗೆ ಖುಷಿಯೋ ಖುಷಿ. ಲಿವಿಂಗ್ ಆಬ್ಜೆಕ್ಟ್ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ನಮ್ಮ ವರಾಂಡದ ಗೋಡೆಗೆ ಉದ್ದಕ್ಕೂ ಮೊಳೆ ಹೊಡೆಸಿ ಅದನ್ನು ಮಲಗಿಸಿದರು. ಪ್ರತಿ ವರ್ಷ ಸೊಪ್ಪಿನ ಕಾಲಕ್ಕೆ ತಾಯಮ್ಮ ಒಯ್ದು ಮತ್ತೆ ತಂದಿಡಬೇಕು ಎಂದು ಒಪ್ಪಂದ. ಬಸ್ಸಿನೊಳಗೆ ಅದು ಹೋಗುವುದಿಲ್ಲ, ಆಟೋದವರು ಹತ್ತಿಸುವುದಿಲ್ಲ. ಹೆಗಲ ಮೇಲೆ ಹೊತ್ತು ಫ್ಲೈಓವರ್ ಕೆಳಗೆ ನಡೆದೇ ಹೋಗುತ್ತಿದ್ದರು. ಒಂದು ವರ್ಷ ಟ್ರಾಫಿಕ್ ಪೊಲೀಸಿನವನು ತಡೆದು ಏನಿದು ಎಂದನಂತೆ. ಮೇಕೆಗೆ ಸೊಪ್ಪು ಕುಯ್ಯಾದು ಸ್ವಾಮಿ, ನಿಮ್ಮ ಸಿಗ್ನಲ್ ಕೀಳಾಕಲ್ಲ ಎಂದು ಹೇಳಿ ಮುಂದೆ ನಡೆದರಂತೆ.

ಒಂದು ಭಾನುವಾರ ನಾನೂ ತೋಪಿಗೆ ಹೋಗಿದ್ದೆ. ಆಗಿನ್ನೂ ನಾಲ್ಕಾರು ಮನೆಗಳಲ್ಲಿ ಹಸು, ಮೇಕೆ ಇದ್ದವು. ಮರಗಳ ಸುತ್ತ ಹಗ್ಗ, ಗೋಣಿ ಹಿಡಿದ ಹೆಂಗಸರು. ಕಟ್ಟೆಯ ಮೇಲೆ ಕೂತ ಮುದುಕರಿಗೆ ಒಂದೇ ಕೆಲಸ, ತಾಯಮ್ಮನ ಹಿಮ್ಮಡಿ ಕಾಯುವುದು. ಅದು ನೆಲ ಬಿಟ್ಟರೆ ಕೊಯ್ದ ಸೊಪ್ಪು ಲೆಕ್ಕಕ್ಕಿಲ್ಲ. ಇನ್ನೊಂದು ಚೂರು ಮೇಲಕ್ಕೆ ಅಕ್ಕಾ ಎಂದು ಯಾರೋ ಆಸೆಪಟ್ಟು ಕೇಳಿದರು. ನಿಮ್ಮಪ್ಪನ್ನ ಕಳ್ಸು, ನಿಂತ್ಕಂಡು ಎಟುಕುಸ್ತಾನೆ ಎಂದು ತಾಯಮ್ಮ ತಿರುಗಿಯೂ ನೋಡದೆ ಹೇಳಿದರು. ಮುದುಕರು ನಕ್ಕರು. ನನಗೆ ಆ ದಿನ ಯಾಕೋ ನಮ್ಮ ಕಾನ್ವೆಂಟಿನ ಪ್ಲೇಗ್ರೌಂಡ್ ನೆನಪಾಗಿತ್ತು. ಕಾಯುವವರಿದ್ದಾರೆ ಎಂಬ ಭಯ, ಅದರೊಳಗೇ ಒಂದು ನೆಮ್ಮದಿ. ದೋಸ್ ವರ್ ಗುಡ್ ಡೇಸ್, ಎಂದು ಈಗ ಸುಲಭವಾಗಿ ಹೇಳಿಬಿಡುತ್ತೇನೆ.

ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಕಾಯಿಲೆಯ ಕಾಲ ಬಂತು. ಮ್ಯೂಸಿಯಂ ಮುಚ್ಚಿತು. ಮತ್ತೆ ತೆರೆಯುವ ಹೊತ್ತಿಗೆ ತಾಯಮ್ಮ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು, ದೋಟಿ ಕೇಳಿಕೊಂಡು ಬರಲಿಲ್ಲ. ಅದೇ ಸಮಯಕ್ಕೆ ನಮಗೊಬ್ಬ ಡೋನರ್ ಸಿಕ್ಕರು. ವರಾಂಡದ ಧೂಳಿನಲ್ಲಿದ್ದ ಸಾಮಾನೆಲ್ಲ ಗಾಜಿನ ಕೇಸಿನೊಳಗೆ, ಎಲ್ಲಕ್ಕೂ ಒಂದೇ ಅಳತೆಯ ಕೇಸು, ಒಳಗೆ ಪುಟ್ಟ ದೀಪ. ಸರ್ ರಿಟೈರ್ ಆಗುವುದರೊಳಗೆ ಉದ್ಘಾಟನೆ ಆಗಬೇಕಿತ್ತು. ನಾನು ಆ ವಾರ ಅಕ್ಕನಿಗೆ ಆಪರೇಷನ್ ಎಂದು ಮೈಸೂರಿನಲ್ಲಿದ್ದೆ. ವಾಪಸು ಬಂದು ನೋಡಿದರೆ ದೋಟಿ ಕೇಸಿನೊಳಗಿತ್ತು. ಕುಡುಗೋಲು, ಅದರ ಕೆಳಗೆ ನನ್ನ ಕೈಯಷ್ಟುದ್ದ ಬಿದಿರು, ಕೇಸಿನ ಅಳತೆಗೆ ಕೊಯ್ದ ಕೆಳತುದಿಗೆ ನೀಟಾಗಿ ಪಾಲಿಶ್ ಹೊಡೆದಿದ್ದರು.

ಕೇಳಿದೆ. ಸರ್‌ಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಬ್ಬಿಣ ಹಳೆಯದು, ಅದು ಆಬ್ಜೆಕ್ಟು. ಬಿದಿರು ಅವರೇ ಬದಲಾಯಿಸುತ್ತಿದ್ದ ಭಾಗ. ಮುಂದಿನ ಸಲ ಆಕೆ ಬಂದಾಗ ಹೊಸದೊಂದು ಕಟ್ಟಿಕೊಡೋಣ, ವಾಟ್ಸ್ ದ ಪ್ರಾಬ್ಲಂ ಎಂದರು. ನಮ್ಮ ವಿದ್ಯೆಯ ಪ್ರಕಾರ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಪುಸ್ತಕಗಳಲ್ಲೆಲ್ಲ ಹಾಗೇ ಇದೆ: ಹಳೆಯದು ಅಸಲಿ, ಬದಲಾಯಿಸಿದ್ದು ಪರಿಕರ. ನಮ್ಮ ದಾಖಲೆ ಕಾರ್ಡಿನಲ್ಲೂ, ಫೋಟೋದಲ್ಲೂ ಇದ್ದದ್ದು ಕುಡುಗೋಲಿನ ಅಳತೆ ಮಾತ್ರ. ಉಳಿದ ಬಿದಿರನ್ನು ಕಾರ್ಪೆಂಟರ್ ಒಯ್ದಿದ್ದ.

ತಾಯಮ್ಮ ಬಂದದ್ದು ಅದಾದ ಮುಂದಿನ ಬೇಸಿಗೆಗೆ. ಕೋಲೂರಿಕೊಂಡು, ಸ್ವಲ್ಪ ಬಾಗಿ. ಈ ಸಲ ಬರೀ ಸೊಪ್ಪಿನ ಮಾತಲ್ಲ. ತೋಪಿನ ಸುತ್ತ ಅಪಾರ್ಟ್‌ಮೆಂಟ್ ಎದ್ದು, ಅದನ್ನು ಬೇಲಿ ಹಾಕಿ ಪಾರ್ಕ್ ಮಾಡಬೇಕೆಂದು ಅಲ್ಲಿನವರು ಅರ್ಜಿ ಹಾಕಿದ್ದರು. ಆ ಅಪಾರ್ಟ್‌ಮೆಂಟ್ ಕಟ್ಟಿಸಿದವರಲ್ಲಿ ತಾಯಮ್ಮನ ಮೈದುನ ಕೆಂಪಣ್ಣನೂ ಒಬ್ಬ. ತಾಯಮ್ಮನ ಪಾಲಿನ ಜಮೀನು ಗಂಡನ ಆಸ್ಪತ್ರೆ ಖರ್ಚಿಗೆ ಹೋಗಿತ್ತು. ಇದ್ದದ್ದು ಶೀಟಿನ ಎರಡು ರೂಮು, ಮೇಕೆಗಳು. ಊರಿನಲ್ಲಿ ಇನ್ನೂ ಸೊಪ್ಪು ಬೇಕಿದ್ದವರು ಎಂದರೆ ಅವರು, ಮತ್ತೆ ಮಸೀದಿ ಹಿಂದಿನ ಸಾಬರ ಒಂದು ಮನೆ. ತೋಪಿನ ಉಸ್ತುವಾರಿ ವಹಿಸಿಕೊಂಡ ಇಲಾಖೆಯಿಂದ ಒಬ್ಬ ಹುಡುಗಿ ಆಫೀಸರ್ ಬಂದು ವಿಚಾರಿಸಿ, ನಿಮ್ಮ ಪದ್ಧತಿಗೆ ಒಂದು ಮಿತಿ ಇದೆ ಎಂದು ತೋರಿಸಿದರೆ, ಬೇಲಿಗೆ ಒಂದು ಬಾಗಿಲು ಬಿಡಿಸಿ ವರ್ಷಕ್ಕೊಮ್ಮೆ ನಿಮ್ಮನ್ನು ಒಳಗೆ ಬಿಡುವಂತೆ ಬರೆಯುತ್ತೇನೆ, ಮಿತಿ ಇಲ್ಲದ ಹಕ್ಕನ್ನು ನಾನು ಬರೆಯಲಾರೆ ಎಂದಿದ್ದಳಂತೆ. ಮಿತಿ ತಾನೆ, ಅದು ಮ್ಯೂಸಿಯಮ್ಮಿನಲ್ಲೈತೆ ಎಂದು ಹೇಳಿ ತಾಯಮ್ಮ ನೇರ ನಮ್ಮಲ್ಲಿಗೆ ಬಂದಿದ್ದರು.

ನಾನು ಮುಂಚೆಯೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಕೇಸಿನ ಮುಂದೆ ನಿಂತಾಗಿತ್ತು. ಗಾಜಿನ ಮೇಲೆ ಅಂಗೈ ಇಟ್ಟರು. ಕೇಸಿನ ಕೆಳಗೆ ಬಗ್ಗಿ ನೋಡಿದರು, ಉಳಿದದ್ದು ಮೇಜಿನೊಳಕ್ಕೆ ಇಳಿದಿರಬಹುದು ಅಂತ.

"ಇದ್ಯಾಕ್ ಮೇಡಮ್ಮಾ ಇಂಗೆ ಕುಳ್ಳಗಾಗದೆ?"

ಹೇಳಿದೆ. ಮಿಕ್ಕಿದ್ದೆಲ್ಲಿ ಎಂದರು. ಕಾರ್ಪೆಂಟರಿಗೆ ಫೋನ್ ಮಾಡಿದರೆ, ಅದು ಗಟ್ಟಿ ಬಿದಿರು ಮೇಡಂ, ಯಶವಂತಪುರದಲ್ಲಿ ನನ್ನ ಭಾಮೈದನ ಸೈಟಿಗೆ ಸಾರುವೆ ಕಟ್ಟೋಕೆ ಕೊಟ್ಟೆ ಎಂದ. ಮರುದಿನ ನಾನೂ ತಾಯಮ್ಮನೂ ಆಟೋ ಮಾಡಿಕೊಂಡು ಹೋದೆವು. ಕಟ್ಟಡಕ್ಕೆ ಬಣ್ಣ ಆಗಿತ್ತು, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಸಾರುವೆ ಬಿಚ್ಚಿ ಯಾವ ಸೈಟಿಗೆ ಹೋಯಿತೆಂದು ಮೇಸ್ತ್ರಿಗೂ ಗೊತ್ತಿರಲಿಲ್ಲ. ಹಿತ್ತಿಲಲ್ಲಿ ಬಿದ್ದಿದ್ದ ಒಂದೊಂದು ಬಿದಿರನ್ನೂ ತಾಯಮ್ಮ ಮುಟ್ಟಿ, ಅಂಗೈಯಲ್ಲಿ ಸವರಿ ನೋಡಿದರು. ಒಂದೂ ಅಲ್ಲ.

ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ನನಗೊಂದು ವಿಚಾರ ಹೊಳೆಯಿತು. ಸಾಮಾನಿನ ಮೇಲೆ ಬಳಸಿದವರ ಕೈ ಬಿಟ್ಟುಹೋದ ಗುರುತು ಹುಡುಕುವುದೇ ನಮ್ಮ ಕೆಲಸ. ತಲೆತಲಾಂತರದಿಂದ ಒಂದೇ ಎತ್ತರದಲ್ಲಿ ಕೊಯ್ದರೆ ಮರದಲ್ಲೂ ಗುರುತಿರಬೇಕಲ್ಲ! ತೋಪಿಗೆ ಹೋಗಿ ಕತ್ತೆತ್ತಿದರೆ, ಹೌದು, ಹಿಂಭಾಗದ ಮೋರಿ ಪಕ್ಕದ ಹಲಸಿನ ಮರದಲ್ಲಿ, ಕೊಯ್ದಲ್ಲೇ ಮತ್ತೆ ಮತ್ತೆ ಚಿಗುರಿ ಗಂಟುಗಟ್ಟಿದ ರೆಂಬೆಗಳು. ಗಂಟುಗಳೆಲ್ಲ ಒಂದು ಮಟ್ಟದವರೆಗೆ, ಅದರ ಮೇಲೆ ನುಣುಪು. ಯಾರೋ ಗೆರೆ ಎಳೆದಂತೆ. ಉಳಿದ ಮರಗಳಲ್ಲಿ ಮಾತ್ರ ಏನೂ ಇರಲಿಲ್ಲ. ವಾಕಿಂಗ್ ಪಾಥ್ ಮಾಡುವಾಗ ತಲೆಗೆ ತಾಗುತ್ತವೆ ಎಂದು ಕೆಳಗಿನ ಕೊಂಬೆಗಳನ್ನೆಲ್ಲ ಮೊದಲೇ ಬುಡಕ್ಕೆ ಕೊಯ್ದು ಬಿಸಾಡಿದ್ದರು.

ಒಂದೇ ಮರ ಸಾಕು ಎಂದುಕೊಂಡೆವು. ಹೊಸ ಬಿದಿರು ತಂದು, ತಾಯಮ್ಮ ಮೊದಲಿದ್ದಷ್ಟೇ ಎತ್ತರದ ಒಬ್ಬರಿಂದ ಆ ಗಂಟುಗಳ ಮಟ್ಟಕ್ಕೆ ಹಿಡಿಸಿ ಕಡಿಸಿ, ಕೇಸಿನಿಂದ ಕುಡುಗೋಲು ಬಿಡಿಸಿ ಕಟ್ಟಿದೆ. ಹೊಸದಾಗಿ ಬಂದಿದ್ದ ನಮ್ಮ ಡೈರೆಕ್ಟರ್ ಹುಡುಗ ಅನುಮಾನಿಸುತ್ತಲೇ ಸೈನ್ ಹಾಕಿದ. ಹಳೆಯ ಸರ್ ಮನೆಗೂ ಹೋದೆ. ಕಡಿಸಿದವರು ನೀವೇ ಬಂದು ಒಂದು ಮಾತು ಹೇಳಿದರೆ ಅನುಕೂಲ ಎಂದೆ. ಆಫ್‌ಕೋರ್ಸ್, ಅಂದರು. ಅವರ ಹೆಂಡತಿ, ಮೊನ್ನೆ ಮೊನ್ನೆಯದೇ ನೆನಪಿರಲ್ಲ, ಇನ್ನು ಅದು ಎಲ್ಲಿಂದ ಎಂದು ಬಾಗಿಲಲ್ಲಿ ಪಿಸುಗುಟ್ಟಿದರು.

ಆ ಬೆಳಿಗ್ಗೆ ತೋಪಿನಲ್ಲಿ ಸೇರಿದವರು ನಾವು ಕೆಲವೇ ಜನ. ಆಫೀಸರ್ ಹುಡುಗಿ ಟೋಪಿ ಹಾಕಿಕೊಂಡು, ಬ್ಯಾಗು ತಗುಲಿಸಿಕೊಂಡು ಸರಿಯಾದ ಸಮಯಕ್ಕೆ ಬಂದಿದ್ದಳು. ಸೊಕ್ಕಿನವಳಲ್ಲ. ಕೆಂಪಣ್ಣ ಬಿಳಿ ಶರ್ಟು ಹಾಕಿ, ಕಾರಿಗೊರಗಿ ನಿಂತಿದ್ದ. ಅತ್ತಿಗೆ, ಬಿಟ್ಬಿಡಿ ಇದನ್ನೆಲ್ಲ, ಪಾರ್ಕ್ ಆದ್ರೆ ನಿಮ್ಗೂ ವಾಕಿಂಗ್ ಆಗುತ್ತೆ ಎಂದ. "ಮೇಕೆ ವಾಕಿಂಗ್ ಮಾಡಿದ್ರೆ ಒಟ್ಟೆ ತುಂಬ್ತದಾ ಕೆಂಪಣ್ಣ?" ಎಂದರು ತಾಯಮ್ಮ. ಅವನು ನಕ್ಕು ಫೋನ್ ನೋಡತೊಡಗಿದ.

ನಾನು ಎಲ್ಲ ವಿವರಿಸಿದೆ. ಕುಡುಗೋಲು, ಪದ್ಧತಿ, ಬಿದಿರು ಬದಲಾಯಿಸುವ ರೀತಿ, ಹಲಸಿನ ಗಂಟುಗಳು. ಹುಡುಗಿ ಗಮನವಿಟ್ಟು ಕೇಳಿದಳು, ಮರದ ಹತ್ತಿರ ಹೋಗಿ ಫೋಟೋ ತೆಗೆದಳು. ಆಮೇಲೆ ತಾಯಮ್ಮನಿಗೆ, ಒಂದ್ಸಲ ಹಿಡಿದು ತೋರಿಸಿ ಅಮ್ಮ ಎಂದಳು.

ತಾಯಮ್ಮ ಊರುಗೋಲು ನನ್ನ ಕೈಗೆ ಕೊಟ್ಟು ದೋಟಿ ತೆಗೆದುಕೊಂಡರು. ಕಾಲು ಊರಿ ಎತ್ತಿದರು. ಮುರಿದು ಕೂಡಿದ ಸೊಂಟ ನೇರವಾಗಲಿಲ್ಲ. ಕುಡುಗೋಲಿನ ತುದಿ ಮೇಲಿನ ಗಂಟುಗಳಿಗಿಂತ ಬಹಳ ಕೆಳಗೇ ಗಾಳಿಯಲ್ಲಿ ಆಡಿತು. ಇನ್ನೂ ಎತ್ತಲು ನೋಡಿದರು, ಆಗಲಿಲ್ಲ. ಹಿಮ್ಮಡಿ ಮಾತ್ರ ನೆಲ ಬಿಡಲಿಲ್ಲ. ಯಾರೂ ಕಾಯುತ್ತಿರಲಿಲ್ಲ, ಆದರೂ ಬಿಡಲಿಲ್ಲ.

ಅತ್ತಿಗೆ ಕುಳ್ಳಗಾದ್ರು, ಹಕ್ಕೂ ಕುಳ್ಳಗಾಯ್ತು ಎಂದ ಕೆಂಪಣ್ಣ. ಅವನಿಗೇ ಮುಜುಗರವಾಗಿ ಇನ್ನೊಂದು ಕಡೆ ತಿರುಗಿದ.

"ಇದು ಹೊಸ ಬಿದಿರು ಅಲ್ವಾ ಮೇಡಂ?" ಎಂದು ಹುಡುಗಿ ನನ್ನನ್ನು ಕೇಳಿದಳು.

ಹೌದು, ಆದರೆ ಇವರಲ್ಲಿ ಬಿದಿರು ಯಾವಾಗಲೂ ಹೊಸದೇ, ಉದ್ದ ಹಳೆಯದು ಎಂದೆ.

"ಆ ಉದ್ದ ಎಲ್ಲಿಂದ ತಗೊಂಡ್ರಿ?"

ಈ ಮರದಿಂದ ಎಂದೆ.

"ನೋಡಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ಮರ ನೋಡಿ ಕೋಲು ಕಡಿಸಿದ್ದೀರಿ. ಈಗ ಆ ಕೋಲು ತೋರಿಸಿ ಮರ ಕೇಳ್ತಿದ್ದೀರಿ. ನಾಳೆ ಇನ್ನೊಬ್ಬರು ಇನ್ನೂ ಉದ್ದದ್ದು ತಂದ್ರೆ ನಾನು ಏನಂತ ಬೇಡ ಅನ್ಲಿ? ಆ ಹಳೇ ಕೋಲು ಇದ್ದಿದ್ರೆ ಮಾತೇ ಬೇಡವಾಗಿತ್ತು."

ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ. ಇನ್ನು ಉಳಿದಿದ್ದ ಭರವಸೆ ನಮ್ಮ ಹಳೆಯ ಸರ್ ಒಬ್ಬರೇ. ಟೈ ಕಟ್ಟಿಕೊಂಡು, ಯಾರೋ ತಂದುಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಲಸಿನ ನೆರಳಿಗೆ ಕೂತಿದ್ದರು. ಹುಡುಗಿ ಅವರ ಹತ್ತಿರ ಹೋಗಿ ಬಗ್ಗಿ, ಕಡಿಸುವ ಮುಂಚೆ ಎಷ್ಟುದ್ದ ಇತ್ತು ಸರ್, ಅಂದಾಜಾದ್ರೂ ಹೇಳಿ ಎಂದಳು. ಅವರು ಯೋಚಿಸಿದರು. ಪ್ರಾಮಾಣಿಕರು, ಬಾಯಿಗೆ ಬಂದದ್ದು ಹೇಳುವವರಲ್ಲ. ಎರಡು ಕೈ ಅಗಲಿಸಿದರು, ಸಾಲದೆಂದು ಇನ್ನೂ ಅಗಲಿಸಿದರು, ಆಮೇಲೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡರು. ಐ ಡೋಂಟ್ ರಿಮೆಂಬರ್ ಎಂದರು. ತಾಯಮ್ಮನ ಕಡೆ ತಿರುಗಿ, ಸಮಾಧಾನ ಹೇಳುವವರಂತೆ ಮೃದುವಾಗಿ ಕೇಳಿದರು.

"ಕುಡುಗೋಲು ಸೇಫಾಗಿದೆ ಅಲ್ವಾಮ್ಮ?"

"ಐತೆ ಸ್ವಾಮಿ" ಎಂದರು ತಾಯಮ್ಮ.

ಆಮೇಲೆ ಎಲ್ಲವೂ ಬೇಗ ಆಯಿತು. ಬೇಲಿ ಬಂತು, ಬಾಗಿಲು ಒಂದೇ ಕಡೆ, ಅಲ್ಲಿ ಸೆಕ್ಯುರಿಟಿ. ಸಾಬರ ಮನೆಯವರು ಮೇಕೆ ಮಾರಿ ಎಲ್ಲೋ ಚಿಕನ್ ಅಂಗಡಿ ಇಟ್ಟರು. ತಾಯಮ್ಮ ಒಂದು ಬೇಸಿಗೆ ತರಕಾರಿ ಮಂಡಿಯ ಕೋಸಿನ ಎಲೆ, ಹೋಟೆಲಿನ ಬಾಳೆಲೆ ತಂದು ಮೇಕೆಗಳಿಗೆ ಹಾಕಿ ನೋಡಿದರು. ಎರಡು ಸತ್ತವು. ಉಳಿದವನ್ನು ಬಕ್ರೀದಿಗೆ ಮುಂಚೆ ಕೊಟ್ಟುಬಿಟ್ಟರು. ಕುಡುಗೋಲು ವಾಪಸು ಒಯ್ಯಿರಿ, ಇದು ನಿಮ್ಮ ಮನೆಯ ವಸ್ತು, ನಾನು ಕಾಗದಪತ್ರ ಎಲ್ಲ ಮಾಡಿಸಿಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಬೇಡವೆಂದರಂತೆ. ನಾನು ರಿಟೈರ್ ಆಗುವ ದಿನವೂ ಅದು ಕೇಸಿನೊಳಗಿತ್ತು. ಅದರ ಲೇಬಲ್ ಅನ್ನು ನಾನೇ ಹೊಸದಾಗಿ ಬರೆದೆ, ಮೊದಲ ಸಲ ಕನ್ನಡವನ್ನು ಮೇಲೆ, ಇಂಗ್ಲಿಷನ್ನು ಕೆಳಗೆ ಇಟ್ಟು. ಈ ವಸ್ತು ಪೂರ್ಣವಾಗಿಲ್ಲ ಎಂದು ಬರೆದೆ. ಹೊಸ ಡೈರೆಕ್ಟರ್, ವಿಸಿಟರ್ಸ್‌ಗೆ ಕನ್‌ಫ್ಯೂಸ್ ಆಗುತ್ತೆ ಮೇಡಂ ಎಂದು ಆ ಸಾಲು ತೆಗೆಸಿದನೆಂದು ಆಮೇಲೆ ತಿಳಿಯಿತು.

ಈ ವೃತ್ತಿಗೆ ಬರುವ ಮಕ್ಕಳೇ, ಕಬ್ಬಿಣಕ್ಕೆ ತುಕ್ಕು ಹಿಡಿದರೆ ಏನು ಮಾಡಬೇಕೆಂದು ನಿಮಗೆ ನನಗಿಂತ ಚೆನ್ನಾಗಿ ಕಲಿಸಿರುತ್ತಾರೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಸಾಮಾನು ತಂದುಕೊಟ್ಟವರನ್ನು ಕೂರಿಸಿ, ಕಾಫಿ ಕೊಟ್ಟು, ಇದರಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಕೇಳಿ. ಹಳೆಯದು ಯಾವುದು ಎಂದು ಕೇಳಬೇಡಿ. ಅದನ್ನು ಆಮೇಲೆ ನೀವೇ ಕಂಡುಕೊಳ್ಳಬಹುದು.

ಹೋದ ತಿಂಗಳು ಅಲ್ಲಾಳಸಂದ್ರದ ಕಡೆ ಒಂದು ಮದುವೆಗೆ ಹೋಗಿದ್ದವಳು ಆಟೋ ನಿಲ್ಲಿಸಿ ಆ ಪಾರ್ಕಿನೊಳಕ್ಕೆ ಹೋದೆ. ತಾಯಮ್ಮ ಅಲ್ಲೇ ಇದ್ದರು. ಸೀರೆಯ ಮೇಲೆ ಹಳದಿ ಜಾಕೆಟ್ಟು, ಬೆನ್ನ ಮೇಲೆ ಕಂಟ್ರಾಕ್ಟರ್ ಹೆಸರು. ಕೆಂಪಣ್ಣನೇ ಹೇಳಿ ಗುಡಿಸುವ ಕೆಲಸ ಕೊಡಿಸಿದ್ದನಂತೆ. ಹಲಸು, ಹೊಂಗೆಯ ಎಲೆಯನ್ನೆಲ್ಲ ಗುಡಿಸಿ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಬೆಳಿಗ್ಗೆ ಲಾರಿ ಒಯ್ಯುತ್ತದೆ. ಮೇಡಮ್ಮಾ, ಬೆಳ್ಳಗಾಗಿದ್ದೀರಿ ಎಂದು ನನ್ನ ಕೂದಲು ನೋಡಿ ನಕ್ಕರು. ಬೆಂಚಿನ ಮೇಲೆ ಕೂತೆವು. ಸೆಕ್ಯುರಿಟಿಯವನು ನೋಡಿದಾಗ ಅವರು ಎದ್ದು ನಿಂತರು.

ಸುಮ್ಮನೆ ಕೇಳಿದೆ, ಈಗ ಕೊಂಬೆಗಳನ್ನು ಯಾರು ಕೊಯ್ಯುತ್ತಾರೆ ಎಂದು. ನಾನೇ ಎಂದರು. ಕೆಳಗೆ ಇಳಿದ ರೆಂಬೆಗಳು ಓಡಾಡುವವರ ತಲೆಗೆ ತಾಗುತ್ತವಂತೆ, ಕ್ಯಾಮೆರಾಕ್ಕೆ ಅಡ್ಡ ಬರುತ್ತವಂತೆ. ಶೆಡ್ಡಿಗೆ ಹೋಗಿ ಅದಕ್ಕೆಂದು ಕೊಟ್ಟಿದ್ದ ಕೋಲು ತಂದು ತೋರಿಸಿದರು. ಅಲ್ಯುಮಿನಿಯಮ್ಮಿನದು, ಹಗುರ. ತುದಿಯಲ್ಲಿ ಗರಗಸ. ಒಂದು ಕೊಳವೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ತಿರುಚಿ ಎಳೆದರೆ ಬರುತ್ತಲೇ ಹೋಗುತ್ತದೆ. ಅವರು ಎಳೆದು ತೋರಿಸಿದರು. ಸೊಂಟ ಬಗ್ಗಿದ್ದರೂ ಪರವಾಗಿಲ್ಲ, ಇದು ಎಟುಕುತ್ತದೆ ಎಂದರು.

"ಮೊದಲ್ನೇ ದಿನ ಸೂಪರ್‌ವೈಸರ್‌ನ ಕೇಳ್ದೆ ಮೇಡಮ್ಮಾ, ಇದನ್ನ ಎಲ್ಲಿಗೆ ನಿಲ್ಲಿಸ್ಬೇಕು ಅಂತ. ಅವ್ನಿಗೆ ನನ್ನ ಮಾತೇ ತಿಳೀನಿಲ್ಲ. ಎಲ್ಲಿಗಜ್ಜಿ ನಿಲ್ಲಿಸ್ತೀಯಾ, ಎಳೀತಾ ಓಗು ಅಂದ."